ಇಂಟರ್ನೆಟ್ ಆಡಳಿತ: ಕಲಿಯುವುದೆಲ್ಲಿ, ಕಲಿಸುವುದು ಹೇಗೆ?

ಓದುಗರ ಪ್ರಶ್ನೆ, ಬಳಗದ ಉತ್ತರ

ಇಂಟರ್ನೆಟ್ಟಿನ ಹೆಸರು, ವಿಳಾಸ, ನಿಯಮಗಳನ್ನು ಯಾರು ತೀರ್ಮಾನಿಸುತ್ತಾರೆ, ಅದನ್ನು ಜನರಿಗೆ ಕಲಿಸುವ ಕಾರ್ಯಕ್ರಮಗಳು ಯಾವುವು ಎಂಬ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಬಿಸಿಎ ಎರಡನೇ ವರ್ಷದಲ್ಲಿದ್ದೇನೆ. ‘ಇಂಟರ್ನೆಟ್ ಗವರ್ನೆನ್ಸ್’ ಕೋರ್ಸ್ ಮಾಡಿಕೊಂಡರೆ ವಿದೇಶದ ಸಭೆಗೆ ಹೋಗಲು ಫೆಲೋಶಿಪ್ ಸಿಗುತ್ತದೆ ಎಂದು ಸೀನಿಯರ್ ಒಬ್ಬರು ಹೇಳಿದರು. ಸರ್ಟಿಫಿಕೇಟ್ ಕೊಡಿಸುತ್ತೇವೆ ಎನ್ನುವವರೊಬ್ಬರು ಆರು ಸಾವಿರ ರೂಪಾಯಿ ಕೇಳುತ್ತಿದ್ದಾರೆ. ಕಟ್ಟಬಹುದೇ?
– ವಿದ್ಯಾರ್ಥಿನಿ, ಕುಮಟಾ

ಕಟ್ಟಬೇಡಿ. ಈ ವಿಷಯದ ಮೊದಲ ಮೆಟ್ಟಿಲುಗಳೆಲ್ಲ ಉಚಿತವಾಗಿಯೇ ಇವೆ, ಅದೂ ಮೂಲ ಸಂಸ್ಥೆಗಳಲ್ಲೇ.

ಜಾಲತಾಣದ ಹೆಸರಿನಿಂದ ಅದರ ಸಂಖ್ಯೆಯ ವಿಳಾಸ ಹುಡುಕಿಕೊಡುವ ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು (ಡಿಎನ್‌ಎಸ್) ನೋಡಿಕೊಳ್ಳುವುದು ಐಕ್ಯಾನ್. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೋಂದಣಿಯಾದ ಲಾಭರಹಿತ ಸಂಸ್ಥೆ ಅದು. ಅದರ ‘ಐಕ್ಯಾನ್ ಲರ್ನ್’ ತಾಣದಲ್ಲಿ ಒಂದು ಖಾತೆ ತೆರೆದರೆ ಸಾಕು, ಪಾಠಗಳಿಗೆ ಹಣವಿಲ್ಲ. ಆ ಸಂಖ್ಯೆಯ ವಿಳಾಸಗಳ, ಅಂದರೆ ಐಪಿ ವಿಳಾಸಗಳ ಹಂಚಿಕೆ ನಮ್ಮ ಭಾಗದಲ್ಲಿ ಎಪ್‌ನಿಕ್ ಕೈಯಲ್ಲಿದೆ, ಕಚೇರಿ ಆಸ್ಟ್ರೇಲಿಯಾದ ಬ್ರಿಸ್ಬೇನ್. ಎಪ್‌ನಿಕ್ ಅಕಾಡೆಮಿಯಲ್ಲಿ ನಿಮ್ಮದೇ ವೇಗದಲ್ಲಿ ಮುಗಿಸುವ ಪಾಠಗಳ ಜೊತೆಗೆ ಬ್ರೌಸರಿನಲ್ಲೇ ತೆರೆದುಕೊಳ್ಳುವ ಪ್ರಯೋಗಶಾಲೆಯೂ ಇದೆ. ಸಂದೇಶಗಳನ್ನು ದಾರಿಗೆ ಹಚ್ಚುವ ರೂಟರ್ ಯಂತ್ರವನ್ನು ಮುಟ್ಟದೆ ರೂಟರ್ ಕೆಲಸ ಕಲಿಯಬಹುದು. 1992ರಲ್ಲಿ ಹುಟ್ಟಿದ ಇಂಟರ್ನೆಟ್ ಸೊಸೈಟಿಯೂ ಆನ್‌ಲೈನ್ ಕೋರ್ಸ್ ನಡೆಸುತ್ತದೆ. ಬಿಸಿಎ ಓದುವವರು ಮೊದಲು ಡಿಎನ್‌ಎಸ್ ಪಾಠ, ಆಮೇಲೆ ಐಪಿ ವಿಳಾಸ, ಕೊನೆಗೆ ನೀತಿ ಎಂಬ ಕ್ರಮ ಹಿಡಿಯುವುದು ಒಳ್ಳೆಯದು. ನೀತಿಯಿಂದ ಶುರುಮಾಡಿದವರಿಗೆ ಸಂಕ್ಷಿಪ್ತ ಹೆಸರುಗಳ ರಾಶಿ ಬಾಯಿಪಾಠವಾಗುತ್ತದೆ, ಯಂತ್ರ ಹೇಗೆ ಓಡುತ್ತದೆ ಎಂಬುದು ತಲೆಗೆ ಹತ್ತುವುದೇ ಇಲ್ಲ.

ಎರಡನೇ ಮೆಟ್ಟಿಲು ಎಲ್ಲರೂ ಒಂದೆಡೆ ಕೂತು ಕೆಲವು ದಿನ ಕಲಿಯುವ ‘ಸ್ಕೂಲ್’. ಇಂಥ ಮೊದಲ ಶಾಲೆ 2007ರಲ್ಲಿ ಜರ್ಮನಿಯ ಮೈಸೆನ್ ಊರಿನಲ್ಲಿ ನಡೆಯಿತು. ನಮ್ಮಲ್ಲಿ ಇಂಡಿಯಾ ಸ್ಕೂಲ್ ಆನ್ ಇಂಟರ್ನೆಟ್ ಗವರ್ನೆನ್ಸ್, ಅಂದರೆ ‘ಇನ್‌ಸಿಗ್’, 2016ರಲ್ಲಿ ಹೈದರಾಬಾದಿನಲ್ಲಿ ಆರಂಭವಾಯಿತು. ಇದಲ್ಲದೆ, ಡಾಟ್ ಇನ್ ಹೆಸರುಗಳನ್ನು ನಿರ್ವಹಿಸುವ ನಿಕ್ಸಿ ಸಂಸ್ಥೆ 2024ರ ಕೊನೆಯಲ್ಲಿ ಇದೇ ವಿಷಯಕ್ಕೆ ಇಂಟರ್ನ್‌ಶಿಪ್ ಯೋಜನೆ ಘೋಷಿಸಿತು. ಮೂರು ತಿಂಗಳದ್ದೊಂದು, ಆರು ತಿಂಗಳದ್ದೊಂದು; ಆಗ ಘೋಷಿಸಿದ ಸ್ಟೈಪೆಂಡ್ ತಿಂಗಳಿಗೆ 20,000 ರೂಪಾಯಿ. ನಿಮಗೆ ಕೈಗೆಟಕುವುದು ಇದು ಎಂದು ನಮ್ಮ ಅನಿಸಿಕೆ.

ಫೆಲೋಶಿಪ್ ಮೂರನೆಯದು. ಐಕ್ಯಾನ್ ವರ್ಷಕ್ಕೆ ಮೂರು ಸಾರ್ವಜನಿಕ ಸಭೆ ನಡೆಸುತ್ತದೆ. ಸಭೆ ನಡೆಯುವ ಭೂಭಾಗದ 18ರಿಂದ 30 ವಯಸ್ಸಿನ ವಿದ್ಯಾರ್ಥಿಗಳಿಗೆ ‘ನೆಕ್ಸ್ಟ್‌ಜೆನ್’ ಎಂಬ ಕಾರ್ಯಕ್ರಮವಿದೆ. ಅರ್ಜಿಗಳು ತಿರಸ್ಕೃತವಾಗಲು ಇದೊಂದು ಕಾರಣ: ಸುಳ್ಳು ಸುದ್ದಿ, ಸೈಬರ್ ವಂಚನೆ, ಮಕ್ಕಳ ಮೊಬೈಲ್ ಚಟ ಎಂದು ಬರೆಯುತ್ತಾರೆ. ಐಕ್ಯಾನ್ ಇವನ್ನು ನೋಡಿಕೊಳ್ಳುವುದಿಲ್ಲ. ತಾಣದೊಳಗೆ ಏನಿದೆ ಎಂಬುದು ಅದರ ವ್ಯಾಪ್ತಿಯ ಹೊರಗಿನ ಸಂಗತಿ. ಹೆಸರು, ವಿಳಾಸ, ಲಿಪಿ, ಡಿಎನ್‌ಎಸ್ ಸುರಕ್ಷತೆ, ನೋಂದಣಿದಾರರ ಮಾಹಿತಿ – ಇಷ್ಟರೊಳಗಿನ ಒಂದೇ ಒಂದು ವಿಷಯ ಹಿಡಿದು ಅರ್ಜಿ ಬರೆಯಿರಿ. ಐಕ್ಯಾನ್ ಲರ್ನ್ ಪಾಠ ಮುಗಿಸಿದ ಪ್ರಮಾಣಪತ್ರ ಕೈಯಲ್ಲಿರಲಿ. ಅರ್ಜಿಯ ಕೊನೆಯ ದಿನ ಸಭೆಗಿಂತ ತಿಂಗಳುಗಟ್ಟಲೆ ಮುಂಚೆ ಇರುತ್ತದೆ, ಆಯ್ಕೆಯಾದ ಮೇಲೆ ಪಾಸ್‌ಪೋರ್ಟ್ ಮಾಡಿಸಲು ಹೊರಟರೆ ವೀಸಾಕ್ಕೆ ದಿನ ಉಳಿಯುವುದಿಲ್ಲ. ಪಾಸ್‌ಪೋರ್ಟ್ ಈಗಲೇ ಮಾಡಿಸಿಡಿ.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಎರಡು ಕಂಪ್ಯೂಟರ್ ಇವೆ. ಪಿಯುಸಿ ಮಕ್ಕಳು, ಸ್ವಸಹಾಯ ಸಂಘದ ಹೆಂಗಸರು, ಇಬ್ಬರು ಮೂವರು ನಿವೃತ್ತ ಮಾಸ್ತರರು ಸೇರಿ ಇಪ್ಪತ್ತು ಜನ ಆಗುತ್ತಾರೆ. ಈ ವಿಷಯವನ್ನು ಕನ್ನಡದಲ್ಲಿ ಕಲಿಸಲು ಸಾಧ್ಯವೇ? ನೆಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮಳೆಗಾಲದಲ್ಲಿ ಕರೆಂಟೂ ಹಾಗೆಯೇ.
– ಗ್ರಂಥಾಲಯ ಮೇಲ್ವಿಚಾರಕರು, ಶಿರಸಿ ತಾಲೂಕು

ಸಾಧ್ಯ. ವಾರಕ್ಕೊಂದರಂತೆ ಆರು ತರಗತಿ, ಒಂದೊಂದು ಒಂದೂವರೆ ಗಂಟೆ ಎಂದು ಇಟ್ಟುಕೊಳ್ಳಿ. ಸ್ಲೈಡ್ ಬೇಡ. ಕರೆಂಟು ಹೋದರೆ ಸ್ಲೈಡಿನ ಜೊತೆ ತರಗತಿಯೂ ನಿಂತುಹೋಗುತ್ತದೆ. ತೋರಿಸಬೇಕಾದ ಪರದೆಗಳನ್ನು ಮೊದಲೇ ತೆಗೆದು ಅಚ್ಚು ಹಾಕಿಸಿ, ಇಬ್ಬರಿಗೊಂದು ಹಾಳೆ ಕೊಡಿ.

ಮೊದಲ ತರಗತಿ ಬ್ಯಾಂಕಿನ ವಿಳಾಸದಿಂದ ಶುರುವಾಗಲಿ. ಎಲ್ಲ ಬ್ಯಾಂಕುಗಳೂ ತಮ್ಮ ಜಾಲತಾಣವನ್ನು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಹೆಸರಿಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ನಗರ ಸಹಕಾರಿ ಬ್ಯಾಂಕುಗಳು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳೂ ಇದರಲ್ಲಿ ಸೇರಿವೆ. ಈ ಹೆಸರು ಯಾರು ಬೇಕಾದರೂ ಕೊಳ್ಳುವಂಥದ್ದಲ್ಲ, ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯೊಂದೇ ಅದನ್ನು ನೋಂದಾಯಿಸಿಕೊಡುತ್ತದೆ. ವಿಳಾಸವನ್ನು ಓದುವ ಕ್ರಮವನ್ನು ಇಲ್ಲೇ ಕಲಿಸಿ: ಶುರುವಿನ ‘ಎಚ್‌ಟಿಟಿಪಿಎಸ್’ ಮತ್ತು ಅದರ ಜೋಡಿ ಓರೆಗೆರೆ ಬಿಟ್ಟು ಮುಂದೆ ಬರುವ ಮೊದಲ ಒಂಟಿ ಓರೆಗೆರೆಗೆ ಬೆರಳಿಡಿ, ಅಲ್ಲಿಂದ ಎಡಕ್ಕೆ ಓದಿ. ಬೆರಳಿನ ಪಕ್ಕದಲ್ಲಿ ‘ಡಾಟ್ ಬ್ಯಾಂಕ್ ಡಾಟ್ ಇನ್’ ಇದ್ದರೆ ಸರಿ. ಆ ಪದಗಳು ವಿಳಾಸದ ನಡುವೆ ಎಲ್ಲೋ ಇದ್ದು ಕೊನೆಯಲ್ಲಿ ‘ಡಾಟ್ ಕಾಂ’ ಇದ್ದರೆ ಅದು ಬ್ಯಾಂಕಲ್ಲ. ಒಂದು ಪ್ರಶ್ನೆ ಖಂಡಿತ ಬರುತ್ತದೆ: ‘ನಮ್ಮೂರ ಸೊಸೈಟಿಗೆ ಯಾಕೆ ಈ ಹೆಸರಿಲ್ಲ?’ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕುಗಳಲ್ಲ, ಹಾಗಾಗಿ ಇಲ್ಲ. ಈ ಉತ್ತರ ಹೇಳದೆ ಬಿಟ್ಟರೆ ಜನ ಸೊಸೈಟಿಯನ್ನೇ ಅನುಮಾನಿಸಿಯಾರು.

ಎರಡನೇ ತರಗತಿಗೆ ಕಂಪ್ಯೂಟರೇ ಬೇಡ. ಐದು ಜನರನ್ನು ಎಬ್ಬಿಸಿ ನಿಲ್ಲಿಸಿ: ಮೊಬೈಲ್, ರಿಸಾಲ್ವರ್ (ಹೆಸರಿಗೆ ವಿಳಾಸ ಹುಡುಕಿ ತರುವ ಸರ್ವರ್), ರೂಟ್ (ಎಲ್ಲಕ್ಕಿಂತ ಮೇಲಿನ ಪಟ್ಟಿ ಇಟ್ಟುಕೊಂಡ ಸರ್ವರ್), ‘ಇನ್’, ‘ಬ್ಯಾಂಕ್ ಡಾಟ್ ಇನ್’. ಮೊಬೈಲ್ ಆದವರು ಒಂದು ಚೀಟಿಯಲ್ಲಿ ಬ್ಯಾಂಕಿನ ಹೆಸರು ಬರೆದು ರಿಸಾಲ್ವರಿಗೆ ಕೊಡಬೇಕು. ರಿಸಾಲ್ವರ್ ಅದನ್ನು ರೂಟ್ ಬಳಿ ಒಯ್ದಾಗ ರೂಟ್ ಹೇಳಬೇಕಾದ್ದು ಒಂದೇ ಮಾತು: ‘ನನಗೆ ಗೊತ್ತಿಲ್ಲ, ಇನ್ ಅವರನ್ನು ಕೇಳಿ.’ ‘ಇನ್’ ಆದವರು ‘ಬ್ಯಾಂಕ್ ಡಾಟ್ ಇನ್’ ಕಡೆಗೆ ಬೆರಳು ತೋರಿಸುತ್ತಾರೆ. ಅವರು ಆ ಬ್ಯಾಂಕು ತಾನೇ ಇಟ್ಟುಕೊಂಡ ಸರ್ವರಿನ ದಾರಿ ಹೇಳುತ್ತಾರೆ, ಕೊನೆಗೆ ಸಂಖ್ಯೆಯ ವಿಳಾಸ ಅಲ್ಲಿಂದ ಬರುತ್ತದೆ. ಆಟ ಕೆಡುವುದು ಎರಡು ಕಡೆ. ರೂಟ್ ಆಗಿ ನಿಂತವರು ಸಹಾಯ ಮಾಡಲು ಹೋಗಿ ಪೂರ್ತಿ ಉತ್ತರ ಹೇಳಿಬಿಡುತ್ತಾರೆ. ಆಗ ಎಲ್ಲ ಹೆಸರುಗಳೂ ಅಮೆರಿಕದ ಒಂದು ಪುಸ್ತಕದಲ್ಲಿವೆ ಎಂಬ ತಪ್ಪು ಕಲ್ಪನೆ ಗಟ್ಟಿಯಾಗುತ್ತದೆ. ಇನ್ನೊಂದು, ಅದೇ ಹೆಸರನ್ನು ಎರಡನೇ ಸಲ ಕೇಳಿದಾಗ ರಿಸಾಲ್ವರ್ ಮತ್ತೆ ನಡೆಯುತ್ತಾರೆ. ನಡೆಯಬಾರದು. ಉತ್ತರವನ್ನು ಇಷ್ಟು ಹೊತ್ತು ನೆನಪಿಟ್ಟುಕೊಳ್ಳಿ ಎಂಬ ಅವಧಿಯೂ ಚೀಟಿಯಲ್ಲಿ ಇರುತ್ತದೆ, ಅಲ್ಲಿಯವರೆಗೆ ಕೂತಲ್ಲಿಂದಲೇ ಹೇಳಬೇಕು.

ಆಟ ಮುಗಿದ ಮೇಲೆ ಆಡಳಿತದ ಪ್ರಶ್ನೆ ತಾನಾಗಿ ಬರುತ್ತದೆ: ಒಬ್ಬೊಬ್ಬರ ಕೈಯಲ್ಲಿರುವ ಪಟ್ಟಿಯನ್ನು ಬರೆದವರು ಯಾರು? ರೂಟ್ ಸರ್ವರುಗಳಿಗೆ 13 ಹೆಸರು, ನಡೆಸುವ ಸಂಸ್ಥೆಗಳು 12, ಪ್ರತಿಗಳು ಜಗತ್ತಿನ ತುಂಬ. ಅದರ ಪಟ್ಟಿಯ ಬದಲಾವಣೆ ಐಕ್ಯಾನ್ ಮೂಲಕ ಆಗುತ್ತದೆ. ಅಮೆರಿಕ ಸರ್ಕಾರಕ್ಕೆ ಅದರ ಮೇಲಿದ್ದ ಮೇಲ್ವಿಚಾರಣೆ 2016ರ ಅಕ್ಟೋಬರ್ 1ಕ್ಕೆ ಕೊನೆಯಾಯಿತು. ‘ಇನ್’ ಪಟ್ಟಿ ನಿಕ್ಸಿಯದು. ‘ಬ್ಯಾಂಕ್ ಡಾಟ್ ಇನ್’ ಕೆಳಗೆ ಯಾರು ಬರಬಹುದು ಎಂಬುದು ರಿಸರ್ವ್ ಬ್ಯಾಂಕಿನ ತೀರ್ಮಾನ. ಒಂದೇ ವಿಳಾಸದೊಳಗೆ ಮೂರು ಬಗೆಯ ಅಧಿಕಾರ. ಇದನ್ನು ಜನ ಕಣ್ಣಾರೆ ಕಂಡ ಮೇಲೆ ವಿಶ್ವಸಂಸ್ಥೆಯ ಮಾಹಿತಿ ಸಮಾಜ ಶೃಂಗಸಭೆಗಳು ನಡೆದ ಜಿನೀವಾ, ಟ್ಯುನಿಸ್ ಎಂಬ ಹೆಸರುಗಳಿಗೆ ಅರ್ಥ ಬರುತ್ತದೆ. ಅದಕ್ಕೂ ಮುಂಚೆ ಆ ಇತಿಹಾಸ ಹೇಳಬೇಡಿ.

ಮೂರನೇ ತರಗತಿಗೆ ನೆಟ್ ಬೇಕು. ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ ಟ್ರೇಸ್‌ರೂಟ್ (ಸಂದೇಶ ಸಾಗುವ ದಾರಿ ತೋರಿಸುವ ಆಜ್ಞೆ, ವಿಂಡೋಸಿನಲ್ಲಿ ಟೈಪ್ ಮಾಡಬೇಕಾದ್ದು tracert) ಓಡಿಸಿ, ಒಂದು ತಾಣದವರೆಗೆ ಎಷ್ಟು ಕೈ ದಾಟುತ್ತದೆ ಎಂದು ಎಣಿಸಿ. ನಡುವೆ ನಕ್ಷತ್ರ ಚಿಹ್ನೆ ಬಂದರೆ ಲೈನು ತುಂಡಾಗಿದೆ ಎಂದಲ್ಲ, ಆ ರೂಟರ್ ಉತ್ತರ ಕೊಡುತ್ತಿಲ್ಲ ಅಷ್ಟೆ. ಮೊದಲ ಕೆಲವು ಸಾಲುಗಳಲ್ಲಿ 10 ಅಥವಾ 100.64ರಿಂದ ಶುರುವಾಗುವ ಸಂಖ್ಯೆ ಕಂಡರೆ ಅಲ್ಲಿ ನಿಲ್ಲಿಸಿ. ಅವು ಹೊರಗೆ ಚಲಾವಣೆಯಿಲ್ಲದ ಖಾಸಗಿ ವಿಳಾಸಗಳು. ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ, ಜಾಗತಿಕ ದಾಸ್ತಾನು 2011ರ ಫೆಬ್ರವರಿ 3ರಂದೇ ಖಾಲಿಯಾಯಿತು. ಅದಕ್ಕೇ ನೆಟ್ ಕೊಡುವ ಕಂಪನಿಗಳು ಒಂದು ವಿಳಾಸದ ಹಿಂದೆ ಹಲವು ಗ್ರಾಹಕರನ್ನು ಕೂರಿಸುತ್ತವೆ. ಒಬ್ಬ ಮಾಡಿದ ಕಿತಾಪತಿಗೆ ಅದೇ ವಿಳಾಸದ ಹಿಂದಿರುವ ಇನ್ನೊಬ್ಬರ ಮೇಲೂ ತಾಣವೊಂದು ಬಾಗಿಲು ಹಾಕಬಹುದು ಎಂಬುದನ್ನು ಇಲ್ಲಿ ವಿವರಿಸಿ.

ನಾಲ್ಕನೆಯದು ಕನ್ನಡದ ಹೆಸರುಗಳು. ಅದರ ಸರಕು ಮುಂದೆ ಯಲ್ಲಾಪುರದ ಪತ್ರದ ಉತ್ತರದಲ್ಲಿದೆ. ಐದನೆಯದು ದೂರು: ಹಣ ಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ, ಸಾಮಾಜಿಕ ಜಾಲತಾಣದವರು ನಿಮ್ಮ ದೂರನ್ನು ತಳ್ಳಿಹಾಕಿದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನ್ ಅರ್ಜಿ. ಮೊದಲು ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳದವರ ಮೇಲ್ಮನವಿ ನಿಲ್ಲುವುದಿಲ್ಲ. ಆರನೇ ತರಗತಿಯಲ್ಲಿ ಎಲ್ಲರೂ ಸೇರಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಒಂದು ಅಭಿಪ್ರಾಯ ಬರೆದು ಕಳಿಸಲಿ. ಇದನ್ನು ಯಾವ ಕಾರಣಕ್ಕೂ ಕೈಬಿಡಬೇಡಿ. ಹೇಗೆಂಬುದನ್ನು ಮುಂದಿನ ಉತ್ತರದಲ್ಲಿ ನೋಡಿ.

ಪ್ರಶ್ನೆ: ನಮ್ಮ ಕಡೆ ಗುಡ್ಡ ಹತ್ತಿದರೆ ಎರಡು ಗೆರೆ ಸಿಗ್ನಲ್. ಕರೆಂಟು ಹೋದರೆ ಅದೂ ಇಲ್ಲ. ಟವರೇ ಇಲ್ಲದ ಊರಿಗೆ ಇಂಟರ್ನೆಟ್ ಆಡಳಿತದ ಪಾಠ ಯಾಕೆ ಬೇಕು ಸ್ವಾಮಿ?
– ಕೃಷಿಕರು, ಜೋಯಿಡಾ

ನಿಮ್ಮ ಊರಿಗೇ ಮೊದಲು ಬೇಕು. ಟವರ್ ಎಲ್ಲಿ ಏಳಬೇಕು, ಯಾರ ಹಣದಲ್ಲಿ, ಸಿಗ್ನಲ್ ಇದೆ ಎಂದು ಯಾರು ಹೇಳಬೇಕು ಎಂಬುದೆಲ್ಲ ಇದೇ ವಿಷಯದ ಒಳಗಿನದು. ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಒಯ್ಯಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು, ಕೆಲಸ ಬಿಎಸ್‌ಎನ್‌ಎಲ್ ಪಾಲಿಗೆ. ಹಣ ಬರುವುದು ಈಗ ಡಿಜಿಟಲ್ ಭಾರತ್ ನಿಧಿ ಎಂದು ಕರೆಯುವ ನಿಧಿಯಿಂದ. ನಿಮ್ಮ ಹಳ್ಳಿ ಪಟ್ಟಿಯಲ್ಲಿ ಇದೆಯೇ ಎಂಬುದನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಬಹುದು. ‘ನಮಗೆ ಟವರ್ ಯಾವಾಗ?’ ಎಂದು ಕೇಳಿದರೆ ಹಾರಿಕೆಯ ಉತ್ತರ ಬಂದೀತು. ಹೀಗೆ ಕೇಳಿ: ಹಳ್ಳಿಯ ಹೆಸರು, ಜನಗಣತಿಯ ಗ್ರಾಮ ಸಂಕೇತ, ಜಾಗ ಗುರುತಿಸಿದ ದಿನಾಂಕ, ಅರಣ್ಯ ಅನುಮತಿಗೆ ಅರ್ಜಿ ಹಾಕಿದ ದಿನಾಂಕ, ಅದು ಈಗ ಯಾವ ಮೇಜಿನ ಮೇಲಿದೆ. ನಮ್ಮ ಜಿಲ್ಲೆಯಲ್ಲಿ ಜಾಗ ಕಾಡಿನದಾದರೆ ಅನುಮತಿಯ ಹಂತ ತಪ್ಪಿದ್ದಲ್ಲ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಆಸುಪಾಸಿನಲ್ಲಂತೂ ಕೇಳುವುದೇ ಬೇಡ.

ಕರೆಂಟು ಹೋದಾಗ ಟವರ್ ಸಾಯುವುದು ಬೇರೆ ಸಮಸ್ಯೆ. ಬ್ಯಾಟರಿ ಹಳೆಯದಾಗಿದೆ, ಇಲ್ಲವೇ ಜನರೇಟರಿಗೆ ಡೀಸೆಲ್ ಇಲ್ಲ. ಇದಕ್ಕೆ ಕಂಪನಿಗೆ ದೂರು ಕೊಟ್ಟು ಡಾಕೆಟ್ (ದೂರಿನ) ಸಂಖ್ಯೆ ಬರೆದಿಟ್ಟುಕೊಳ್ಳಿ, ಪರಿಹಾರ ಸಮಾಧಾನ ತರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ, ಶುಲ್ಕವಿಲ್ಲ. ಟ್ರಾಯ್ ಒಬ್ಬೊಬ್ಬರ ದೂರು ಬಗೆಹರಿಸುವುದಿಲ್ಲ. ಆದರೆ ಅದು 2024ರಲ್ಲಿ ತಂದ ಗುಣಮಟ್ಟದ ನಿಯಮದಂತೆ ಕಂಪನಿಗಳು ತಮ್ಮ ಸಿಗ್ನಲ್ ಎಲ್ಲೆಲ್ಲಿದೆ ಎಂಬ ನಕ್ಷೆಯನ್ನು ಜಾಲತಾಣದಲ್ಲಿ ಹಾಕಲೇಬೇಕು. ನಿಮ್ಮ ಕೇರಿಯ ಮೇಲೆ ನಕ್ಷೆಯಲ್ಲಿ ಬಣ್ಣ ಬಳಿದಿದ್ದು, ಅಂಗಳದಲ್ಲಿ ಫೋನ್ ಸತ್ತಿದ್ದರೆ ಅದೇ ನಿಮ್ಮ ಸಾಕ್ಷಿ. ದಿನಾಂಕ, ಗಂಟೆ, ಸ್ಥಳದ ಅಕ್ಷಾಂಶ-ರೇಖಾಂಶ, ಸಿಗ್ನಲ್ ಎಷ್ಟು ಎಂಬುದನ್ನು ಹತ್ತು ಮನೆಗಳಿಂದ ಒಂದು ವಾರ ಬರೆಯಿಸಿ, ಗ್ರಾಮಸಭೆಯ ಠರಾವಿಗೆ ಲಗತ್ತಿಸಿ.

ಈಗ ಟ್ರಾಯ್‌ಗೆ ಅಭಿಪ್ರಾಯ ಕಳಿಸುವ ವಿಧಾನ. ಅದು ಯಾವುದೇ ನಿಯಮ ಮಾಡುವ ಮುಂಚೆ ಸಮಾಲೋಚನಾ ಪತ್ರ ಹೊರಡಿಸುತ್ತದೆ. ಸಾಮಾನ್ಯವಾಗಿ ಅಭಿಪ್ರಾಯಕ್ಕೆ ನಾಲ್ಕು ವಾರ, ಬೇರೆಯವರ ಅಭಿಪ್ರಾಯಕ್ಕೆ ಪ್ರತ್ಯುತ್ತರ ಕೊಡಲು ಇನ್ನೆರಡು ವಾರ. ಪತ್ರದ ಕೊನೆಯಲ್ಲಿ ಪ್ರಶ್ನೆಗಳಿಗೆ ಸಂಖ್ಯೆ ಹಾಕಿರುತ್ತಾರೆ. ನೂರು ಪುಟ ಓದಲು ಹೆದರಬೇಡಿ, ಮೊದಲು ಆ ಪ್ರಶ್ನೆಗಳನ್ನು ಓದಿ, ನಿಮಗೆ ಅನುಭವವಿರುವ ಒಂದೋ ಎರಡೋ ಪ್ರಶ್ನೆಗೆ ಸಂಖ್ಯೆ ಹಾಕಿಯೇ ಉತ್ತರಿಸಿ. ಒಂದು ಪುಟ ಸಾಕು. ಬಂದ ಅಭಿಪ್ರಾಯಗಳನ್ನು ಟ್ರಾಯ್ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ, ಆದ್ದರಿಂದ ಒಳಗೆ ಫೋನ್ ನಂಬರ್, ಆಧಾರ್ ಬರೆಯಬೇಡಿ.

ಎಲ್ಲರೂ ಒಂದೇ ಒಕ್ಕಣೆಯನ್ನು ನಕಲು ಮಾಡಿ ಕಳಿಸುವುದು ದೊಡ್ಡ ತಪ್ಪು. 2015ರ ಕೊನೆಗೆ ಡೇಟಾ ದರದ ತಾರತಮ್ಯದ ಬಗ್ಗೆ ಟ್ರಾಯ್ ನಾಲ್ಕು ಪ್ರಶ್ನೆ ಕೇಳಿದಾಗ, ಒಂದು ಕಂಪನಿಯ ಮೂಲಕ ಲಕ್ಷಗಟ್ಟಲೆ ಸಿದ್ಧ ಒಕ್ಕಣೆಗಳು ಬಂದವು. ಇವು ನಾವು ಕೇಳಿದ ಪ್ರಶ್ನೆಗೆ ಉತ್ತರವಲ್ಲ ಎಂದು ಟ್ರಾಯ್ ಹೇಳಿತು. 2016ರ ಫೆಬ್ರವರಿ 8ರಂದು ಬಂದ ನಿಯಮ, ತಾಣಕ್ಕೊಂದು ದರ ಹಾಕುವುದನ್ನು ನಿಷೇಧಿಸಿತು. ಸಾಮಾನ್ಯ ಬಳಕೆದಾರರು ಪ್ರಶ್ನೆಗೆ ತಕ್ಕಂತೆ ಬರೆದದ್ದಕ್ಕೆ ಆ ನಿಯಮದ ಹಿಂದೆ ಬೆಲೆ ಇತ್ತು ಎಂದೇ ನಾವು ನಂಬುತ್ತೇವೆ. ಜೋಯಿಡಾದ ಹತ್ತು ಮನೆಗಳ ವಾರದ ಲೆಕ್ಕವನ್ನು ದಿಲ್ಲಿಯಲ್ಲಿ ಕೂತ ಯಾವ ಪರಿಣತರೂ ಬರೆಯಲಾರರು.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದ ಹಲಸಿನ ಹಪ್ಪಳ, ಕೋಕಂ ಮಾರಾಟಕ್ಕೆ ಜಾಲತಾಣ ಮಾಡಿಸುತ್ತಿದ್ದೇವೆ. ಹೆಸರನ್ನು ಕನ್ನಡದಲ್ಲೇ ಇಡಬಹುದೇ? ತೊಂದರೆ ಆಗುವುದಿಲ್ಲವೇ?
– ಯಲ್ಲಾಪುರ

ಇಡಬಹುದು. ಕನ್ನಡ ಲಿಪಿಯ ‘ಡಾಟ್ ಭಾರತ’ ಇದೆ, ನಿರ್ವಹಣೆ ನಿಕ್ಸಿಯದು, ಹೆಸರು ಮಾರುವ ರಿಜಿಸ್ಟ್ರಾರ್‌ಗಳ ಮೂಲಕ ಕೊಳ್ಳಬೇಕು. ಒಳಗೊಳಗೆ ಅದು ‘ಎಕ್ಸ್ ಎನ್’ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸರವಾಗಿ ಓಡುತ್ತದೆ. ಗ್ರಾಹಕರ ಪರದೆಯಲ್ಲಿ ಆ ಸರ ಕಂಡರೆ ಗಾಬರಿ ಬೇಡ, ತಾಣ ಅದೇ. ತೊಂದರೆ ಇಮೇಲಿನಲ್ಲಿದೆ. ಕನ್ನಡ ವಿಳಾಸದ ಇಮೇಲನ್ನು ಎಷ್ಟೋ ಅರ್ಜಿ ನಮೂನೆಗಳು ‘ತಪ್ಪು ವಿಳಾಸ’ ಎಂದು ತಿರಸ್ಕರಿಸುತ್ತವೆ, ಏಕೆಂದರೆ ಬರೆದವರು ಇಂಗ್ಲಿಷ್ ಅಕ್ಷರ ಮಾತ್ರ ಬರುತ್ತದೆ ಎಂದು ಭಾವಿಸಿ ಪರೀಕ್ಷೆ ಇಟ್ಟಿರುತ್ತಾರೆ. ಇದನ್ನು ಸರಿಪಡಿಸಲೆಂದೇ 2023ರ ಮಾರ್ಚ್ 28ರಿಂದ ‘ಯೂನಿವರ್ಸಲ್ ಅಕ್ಸೆಪ್ಟೆನ್ಸ್ ಡೇ’ ಹೆಸರಿನಲ್ಲಿ ತರಬೇತಿಗಳು ನಡೆಯುತ್ತಿವೆ. ಸದ್ಯಕ್ಕೆ ಇಂಗ್ಲಿಷ್ ಹೆಸರೊಂದನ್ನೂ ಕೊಂಡು ಎರಡನ್ನೂ ಒಂದೇ ತಾಣಕ್ಕೆ ತಿರುಗಿಸಿ, ಇಮೇಲ್ ಇಂಗ್ಲಿಷಿನದರಲ್ಲಿ ಇರಲಿ.

ಹೆಸರು ಆರಿಸುವಾಗ ಇನ್ನೊಂದು ಎಚ್ಚರ. ‘ಜಲ’ ಎಂದು ಕನ್ನಡದಲ್ಲಿ ಬರೆದರೂ ತೆಲುಗಿನಲ್ಲಿ ಬರೆದರೂ ಕಣ್ಣಿಗೆ ಒಂದೇ. ಕಂಪ್ಯೂಟರಿಗೆ ಹಾಗಲ್ಲ: ಪ್ರತಿ ಅಕ್ಷರಕ್ಕೂ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಕನ್ನಡದ ಜ 3228, ತೆಲುಗಿನ ಜ 3100; ಕನ್ನಡದ ಲ 3250, ತೆಲುಗಿನದು 3122. ಎರಡೂ ಬೇರೆ ಬೇರೆ ಹೆಸರುಗಳಾಗಿ ಇಬ್ಬರ ಕೈಗೆ ಹೋದರೆ ಗ್ರಾಹಕರಿಗೆ ಮೋಸ ಮಾಡುವುದು ಸುಲಭ. ರೂಟ್ ಮಟ್ಟದ ಹೆಸರುಗಳಲ್ಲಿ (ವಿಳಾಸದ ಕೊನೆಯ ‘ಭಾರತ’ದಂಥವು) ಇಂಥ ಜೋಡಿಗಳನ್ನು ತಡೆಯುವ ನಿಯಮಗಳನ್ನು ಕನ್ನಡವೂ ಸೇರಿದಂತೆ ಒಂಬತ್ತು ಲಿಪಿಗಳಿಗಾಗಿ ‘ನಿಯೋ ಬ್ರಾಹ್ಮಿ’ ಎಂಬ ಸ್ವಯಂಸೇವಕರ ಸಮಿತಿ ರೂಪಿಸಿತು. ಕನ್ನಡ ಎಂಎ ಓದಿದವರು, ಅಕ್ಷರ ವಿನ್ಯಾಸ ಬಲ್ಲವರು ಇಂಥ ಕೆಲಸಕ್ಕೆ ಸಿಗುವುದು ತೀರಾ ಕಡಿಮೆ. ಕಂಪ್ಯೂಟರ್ ಪದವಿ ಇಲ್ಲ ಎಂದು ಅವರು ಹಿಂಜರಿಯಬೇಕಿಲ್ಲ.

ಪ್ರಶ್ನೆ: ಕಾಲೇಜಿನಲ್ಲಿ ಐಕ್ಯಾನ್ ಸಭೆಯನ್ನು ವಿದ್ಯಾರ್ಥಿಗಳಿಗೆ ಆನ್‌ಲೈನ್ ತೋರಿಸಬೇಕೆಂದಿದ್ದೇವೆ. ಅನುಮತಿ, ಖರ್ಚು?
– ಉಪನ್ಯಾಸಕರು, ಕಾರವಾರ

ನೋಂದಣಿ ಎಲ್ಲರಿಗೂ ತೆರೆದಿದೆ, ಉಚಿತ. ಆದರೆ ಇಡೀ ದಿನ ಕೂರಿಸಬೇಡಿ. ವೇಳಾಪಟ್ಟಿ ನೋಡಿ ಒಂದೇ ಗೋಷ್ಠಿ ಆರಿಸಿ, ಅದರ ಕಾಗದಗಳನ್ನು ಎರಡು ದಿನ ಮೊದಲೇ ಓದಿಸಿ, ಪರಿಭಾಷೆಯ ಪಟ್ಟಿಯನ್ನು ಕನ್ನಡದಲ್ಲಿ ಮಾಡಿಸಿ. ಕನ್ನಡ ಅನುವಾದ ಅಲ್ಲಿ ಇರುವುದಿಲ್ಲ, ಒಬ್ಬರು ಪಕ್ಕದಲ್ಲಿ ನಿಂತು ಹೇಳಬೇಕಾಗುತ್ತದೆ. ಅಮೆರಿಕದ ಕಡೆ ಸಭೆ ನಡೆದರೆ ನಮಗೆ ನಡುರಾತ್ರಿ. ಧ್ವನಿಮುದ್ರಣ ಆಮೇಲೆ ಸಿಗುತ್ತದೆ, ಅದನ್ನೇ ಹಾಕಿ. ಏಷ್ಯಾದಲ್ಲಿ ನಡೆಯುವ ಸಭೆಯಾದರೆ ನೇರ ನೋಡಿ, ಒಬ್ಬ ವಿದ್ಯಾರ್ಥಿಯಿಂದಾದರೂ ಪ್ರಶ್ನೆ ಕೇಳಿಸಿ. ಎರಡು ವಾಕ್ಯ ಮೀರದಂತೆ ಮೊದಲೇ ಬರೆದಿಟ್ಟುಕೊಳ್ಳಲಿ, ಮಾತು ಶುರುಮಾಡುವಾಗ ತನ್ನ ಹೆಸರು, ಯಾರ ಪರವಾಗಿ ಮಾತಾಡುತ್ತಿದ್ದೇನೆ ಎಂಬುದನ್ನು ಹೇಳಲಿ. ಅಲ್ಲಿಯ ಪದ್ಧತಿ ಅದು.